ಎರಡು ಹಡಗುಗಳ ನಡುವೆ

ಟಿವಿಯಲ್ಲಿ ಯುದ್ಧನೌಕೆಯ ಸುದ್ದಿ ಬಂದರೆ ನಮ್ಮ ಮನೆಯಲ್ಲಿ ಸದ್ದು ಹೆಚ್ಚಿಸುವವಳು ಅಕ್ಕ. ಸದ್ದು ಪೂರ್ತಿ ತೆಗೆದುಬಿಡುವವನು ಮಾಮಾ, ಅಂದರೆ ಅವಳ ಗಂಡ. ನಡುವೆ ಕೂತ ನಾನು ಪರದೆಯಲ್ಲಿ ಹಾಗೆ ಮೂಕರಾದ ಮಂತ್ರಿಗೆ ದನಿ ಕೊಡುತ್ತಿದ್ದೆ. ತುಟಿ ಅವರದು, ಮಾತು ನನ್ನದು. ನಮ್ಮ ಸಮುದ್ರ, ನಮ್ಮ ಉಕ್ಕು, ನಮ್ಮ ಕೈ ಎಂದು ನಾನು ಗಂಟಲು ದಪ್ಪ ಮಾಡಿ ಹೇಳಿದರೆ ಅವ್ವ ಅಡುಗೆಮನೆಯಿಂದಲೇ ನಗುತ್ತಿದ್ದಳು. ಮಾಮಾ ನಗುತ್ತಿರಲಿಲ್ಲ. ಬಸ್ಸು ತಪ್ಪಿಸಿಕೊಂಡವನು ಅದರ ಬೆನ್ನು ನೋಡುವ ಹಾಗೆ ಪರದೆಯ ಮೇಲಿನ ಬೂದು ಬಣ್ಣದ ಹಡಗನ್ನೇ ನೋಡುತ್ತಿದ್ದ.

ಅಫಜಲಪುರದಲ್ಲಿ ಕೂತು ಹಡಗಿನ ಮಾತಾಡುವುದೇ ಒಂದು ಮಸ್ಕರಿ. ನಮಗೆ ನೀರು ಅಂದರೆ ಭೀಮಾ ನದಿ, ಅದೂ ಸೊನ್ನದ ಬ್ಯಾರೇಜಿನಲ್ಲಿ ನೀರು ನಿಲ್ಲಿಸಿದಾಗ. ಬೇಸಿಗೆಯಲ್ಲಿ ಕೆಳಗಿನ ಹರಿವಿನಲ್ಲಿ ಎಮ್ಮೆ ಇಳಿದರೆ ಅದರ ಮೊಣಕಾಲೂ ಸರಿಯಾಗಿ ತೊಯ್ಯುವುದಿಲ್ಲ. ಅಂಥ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಗ್ರಿಲ್ ಅಂಗಡಿಯಲ್ಲಿ, ಯುದ್ಧನೌಕೆ ಕಟ್ಟಿದ ಮನುಷ್ಯನೊಬ್ಬ ಕುಕ್ಕರಗಾಲಿನಲ್ಲಿ ಕೂತು ಕಿಟಕಿಗೆ ಸರಳು ಬೆಸೆಯುತ್ತಿದ್ದ. ಅವನೇ ನಮ್ಮ ಮಾಮಾ. ನಾನು ಅವನನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದೆ. ಆ ದಾರಿಯಲ್ಲಿ ಹೋಗುವಾಗ ಸೆಲ್ಯೂಟ್ ಹೊಡೆದು, ಶತ್ರು ಎಷ್ಟು ದೂರ ಇದ್ದಾನೆ ಎಂದು ಕೇಳುತ್ತಿದ್ದೆ. ಅವನು ಕಪ್ಪು ಕನ್ನಡಕ ಏರಿಸಿ, ಶತ್ರು ಎದುರಿಗೇ ನಿಂತಿದ್ದಾನೆ, ಬೆಳಿಗ್ಗೆಯಿಂದ ಮನೆಯಲ್ಲಿ ಏನೂ ಕೆಲಸ ಮಾಡಿಲ್ಲ ಎನ್ನುತ್ತಿದ್ದ.

ಮಾಮಾ ಆಳಂದ ತಾಲೂಕಿನ ಒಂದು ಹಳ್ಳಿಯವನು. ಐಟಿಐ ಮುಗಿಸಿ ಮುಂಬಯಿಗೆ ಹೋದವನು ಮೊದಲು ಗೇಟು ಬೆಸೆದ, ಆಮೇಲೆ ನೀರಿನ ಟ್ಯಾಂಕು ಬೆಸೆದ, ಕಡೆಗೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ಹಡಗು ಕಟ್ಟುವ ಯಾರ್ಡು ಸೇರಿದ. ಹನ್ನೊಂದು ವರ್ಷ ಅಲ್ಲೇ ಇದ್ದ. ಅವನ ಕೆಲಸ ಹಡಗಿನ ಹೊಟ್ಟೆಯದು. ತಳದಲ್ಲಿ ಎರಡು ಪದರ ಉಕ್ಕಿನ ಹಾಳೆ ಇರುತ್ತದಂತೆ, ನಡುವೆ ಒಬ್ಬ ಮನುಷ್ಯ ತೆವಳುವಷ್ಟು ಜಾಗ. ಅಲ್ಲಿ ಅಂಗಾತ ಮಲಗಿ ತಲೆಯ ಮೇಲಿನ ಹಾಳೆಗಳ ಜೋಡನ್ನು ಬೆಸೆಯಬೇಕು, ಕಿಡಿ ಕಾಲರಿನೊಳಗೆ ಬಿದ್ದರೂ ಕೈ ಅಲುಗಬಾರದು. ಬೆಸೆದ ಮೇಲೆ ದವಾಖಾನೆಯಲ್ಲಿ ಎದೆಯ ಫೋಟೊ ತೆಗೆಯುವ ಹಾಗೆ ಆ ಬೆಸುಗೆಯ ಎಕ್ಸ್‌ರೇ ತೆಗೆಯುತ್ತಾರೆ. ಒಳಗೆ ಸಾಸಿವೆಯಷ್ಟು ಗುಳ್ಳೆ ಕಂಡರೂ ಕೆತ್ತಿ ತೆಗೆದು ಮತ್ತೆ ಬೆಸೆಯಬೇಕು. ಪ್ರತಿ ಜೋಡಿನ ಪಕ್ಕ ಅದನ್ನು ಬೆಸೆದವನ ನಂಬರು ಒತ್ತುತ್ತಾರೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಸಮುದ್ರ. ಅಕ್ಕ ಅವನ ಫೋನಿನಲ್ಲಿ ಹಡಗಿನ ಚಿತ್ರ ಹಿಗ್ಗಿಸಿ, ನಿಮ್ಮದು ಯಾವ ಭಾಗ ಎಂದು ಕೇಳಿದಾಗ ಅವನು ಹಡಗು ಮುಗಿದು ನೀರು ಶುರುವಾಗುವ ಗೆರೆಯ ಕೆಳಗೆ ಬೆರಳಿಟ್ಟ. ಅಲ್ಲಿ ಬರೀ ನೀರಿತ್ತು.

ಆ ಹಡಗನ್ನು ನೀರಿಗೆ ಇಳಿಸಿದ ದಿನ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ ಬಂದು ತೆಂಗಿನಕಾಯಿ ಒಡೆದರು, ಬ್ಯಾಂಡು ಬಾರಿಸಿತು, ಮಾಮಾ ಹಿಂದೆ ಕ್ರೇನಿನ ಪಕ್ಕ ನಿಂತು ಚಪ್ಪಾಳೆ ಹೊಡೆದ. ಮರುವಾರ ಗುತ್ತಿಗೆದಾರ ಗೇಟ್‌ಪಾಸು ವಾಪಸು ಇಸಿದುಕೊಂಡ. ನೀರಿಗಿಳಿದ ಹಡಗಿಗೆ ಇನ್ನು ವೈರು, ಪೈಪು, ತೋಪು ಬೇಕು. ಹೊಟ್ಟೆ ಬೆಸೆಯುವವನು ಬೇಡ. ಅವನು ಬೇಕಾಗುವುದು ಮುಂದಿನ ಹಡಗಿಗೆ. ಮುಂದಿನ ಹಡಗು ಯಾವಾಗ ಎಂದರೆ ದಿಲ್ಲಿ ಮನಸ್ಸು ಮಾಡಿದಾಗ. ಹೀಗೆ ಅವನು ಎರಡು ಹಡಗುಗಳ ನಡುವಿನ ಕಾಲ ಕಳೆಯಲು, ಆಳಂದದ ಹಳ್ಳಿಯಲ್ಲೇ ಇದ್ದ ಅಕ್ಕನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ.

ಕಾಯುವುದಕ್ಕೂ ಒಂದು ಗಡುವು ಇತ್ತು, ಅದೇ ಅವನನ್ನು ತಿನ್ನುತ್ತಿದ್ದದ್ದು. ಹಡಗು ಬೆಸೆಯುವವನಿಗೆ ಪರೀಕ್ಷೆ ಮಾಡಿ ಒಂದು ಕಾರ್ಡು ಕೊಡುತ್ತಾರೆ. ಆರು ತಿಂಗಳು ಆ ಬಗೆಯ ಬೆಸುಗೆ ಹಾಕದೆ ಇದ್ದರೆ ಕಾರ್ಡು ಸಾಯುತ್ತದೆ. ಕಿಟಕಿಯ ಸರಳು ಲೆಕ್ಕಕ್ಕಿಲ್ಲ. ಮತ್ತೆ ಪರೀಕ್ಷೆಗೆ ಕೂರಬೇಕೆಂದರೆ ಯಾರಾದರೂ ಒಳಗೆ ಕರೆಯಬೇಕು. ಮಾಮಾ ಆ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಕಿಟಕಿ ಬೆಸೆಯಲು ಹೋಗುತ್ತಿದ್ದ. ನಾಲ್ಕು ತಿಂಗಳು ಆಗಲೇ ಮುಗಿದಿದ್ದವು.

ದಿಲ್ಲಿಯಲ್ಲಿ ಹಡಗಿಗೆ ಯಾರೂ ವಿರೋಧವಿಲ್ಲ, ಅದು ಇನ್ನೊಂದು ವಿಚಿತ್ರ. ಆಳುವವರು ಕಟ್ಟುತ್ತೇವೆ ಎನ್ನುತ್ತಾರೆ, ಎದುರಿನವರು ಇನ್ನೂ ಬೇಗ ಕಟ್ಟಿ ಎನ್ನುತ್ತಾರೆ. ಹಳೆಯದನ್ನು ತೆಗೆದು ಹೊಸದು ತರುತ್ತೇವೆ ಎಂದು ಎಲ್ಲರೂ ಮಾತು ಕೊಡುತ್ತಾರೆ. ನಾನು ಇದನ್ನು ಆಡಿಕೊಂಡರೆ ಮಾಮಾ ಬಯ್ಯುತ್ತಿದ್ದ. ಅವರು ಸುಳ್ಳು ಹೇಳುತ್ತಿಲ್ಲ, ಹಡಗು ಬೇಕು, ಹಡಗು ಆಗಿಯೇ ಆಗುತ್ತದೆ ಎನ್ನುತ್ತಿದ್ದ. ಮಾತು ಕೊಟ್ಟ ಮೇಲೆ ಮಂಜೂರಿ, ಮಂಜೂರಿಯ ಮೇಲೆ ಟೆಂಡರು, ಆಮೇಲೆ ನಕಾಶೆ, ಆಮೇಲೆ ಉಕ್ಕು, ಉಕ್ಕು ಕತ್ತರಿಸಿದ ಮೇಲೆ ತಳದ ಪೂಜೆ, ಅದಾದ ಮೇಲೆ ಅವನ ಕೈ. ಅವನು ಇದನ್ನು ಬೆರಳು ಮಡಚುತ್ತಾ ಹೇಳಿ ಕಡೆಗೆ ಮುಷ್ಟಿಯನ್ನೇ ನೋಡುತ್ತಾ ಕೂರುತ್ತಿದ್ದ.

"ಟಿವಿಯೊಳಗ ಹಡಗ ಒಂದ ನಿಮಿಷದಾಗ ತಯಾರಾಗ್ತದ ತಮ್ಮಾ. ನಡುವಿನ ಟೈಮ್ ಅವರು ತೋರಸಂಗಿಲ್ಲ. ನಾ ಇರೋದು ಅಲ್ಲೇ."

ಇನ್ನು ನನ್ನ ಕತೆ. ಬಿ.ಎ. ಮುಗಿಸುತ್ತಿದ್ದೇನೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದೇನೆ. ಮದುವೆಗಳಲ್ಲಿ, ಕಾಲೇಜಿನ ವಾರ್ಷಿಕ ಗ್ಯಾದರಿಂಗುಗಳಲ್ಲಿ ದೊಡ್ಡವರ ದನಿ ತೆಗೆಯುತ್ತೇನೆ, ಅಂದರೆ ಮಿಮಿಕ್ರಿ. ಆಟೋಕ್ಕೆ ಕಟ್ಟಿದ ಮೈಕಿನಲ್ಲಿ ಹತ್ತಿಬೀಜದ ಜಾಹೀರಾತು ಕೂಗುತ್ತೇನೆ. ಬಸ್ ಕಂಡಕ್ಟರು, ನಮ್ಮ ಕನ್ನಡದ ಮೇಷ್ಟ್ರು, ಕರೆಂಟ್ ಬಿಲ್ಲಿನವನು, ಅತ್ತೆ, ಅತ್ತೆಯ ಎಮ್ಮೆ, ಯಾರನ್ನೂ ಬಿಟ್ಟಿಲ್ಲ. ಅಪ್ಪನ ದನಿಯಲ್ಲಿ ಅಪ್ಪನ ಗೆಳೆಯರಿಗೇ ಫೋನು ಮಾಡಿ ಅಪ್ಪನ ಕೈಯಲ್ಲಿ ಹೊಡೆತ ತಿಂದಿದ್ದೇನೆ. ಕನ್ನಡಿಯ ಮುಂದೆ ನನ್ನ ದನಿಯನ್ನೂ ಒಮ್ಮೆ ತೆಗೆಯಲು ನೋಡಿದೆ. ಚೆನ್ನಾಗಿ ಬರಲಿಲ್ಲ.

ಆ ವರ್ಷ ಊರಿನ ಒಂದು ಕಾಲೇಜಿನ ಗ್ಯಾದರಿಂಗಿಗೆ ಮುಖ್ಯ ಅತಿಥಿಯಾಗಿ ಒಬ್ಬ ಮುಖಂಡರು ಬಂದಿದ್ದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಾರೆ. ಸದ್ಯಕ್ಕೆ ಯಾವ ಹುದ್ದೆಯೂ ಇಲ್ಲ, ಮುಂದೆ ಇರಲಿದೆ ಎಂದು ನಾನು ಕನ್ನಡ ಶಾಲೆಯಲ್ಲಿದ್ದಾಗಿನಿಂದ ಹೇಳುತ್ತಾರೆ. ಹಿಂದಿನ ದಿನವಷ್ಟೇ ದಿಲ್ಲಿಯಲ್ಲಿ ಹೊಸ ಯುದ್ಧನೌಕೆಗಳ ಘೋಷಣೆಯಾಗಿತ್ತು. ಸಾಹೇಬರು ಅದನ್ನೇ ಹಿಡಿದು ಅರ್ಧ ತಾಸು ಮಾತಾಡಿದರು. ಪ್ರತಿ ಭರವಸೆಗೂ ಮುನ್ನ ಒಮ್ಮೆ ಕೆಮ್ಮುವುದು, ಕೊನೆಗೆ "ಇದು ನನ್ನ ಮಾತು" ಎನ್ನುವುದು ಅವರ ರೂಢಿ. ಸಮುದ್ರ ಕಾಯುವ ಹಡಗಿನಲ್ಲಿ ಕಲ್ಯಾಣ ಕರ್ನಾಟಕದ ಬೆವರೂ ಇರಬೇಕು, ಇದು ನನ್ನ ಮಾತು ಎಂದು ಮುಗಿಸಿ, ಇನ್ನೊಂದು ಕಾರ್ಯಕ್ರಮಕ್ಕೆ ಜೇವರ್ಗಿಗೆ ಹೊರಟರು.

ಅವರ ಗಾಡಿಯ ಧೂಳು ಇಳಿಯುವ ಮುಂಚೆ ನಾನು ಮೈಕು ಹಿಡಿದೆ. ಅವರದೇ ಭಾಷಣವನ್ನು ಅವರದೇ ದನಿಯಲ್ಲಿ ಮತ್ತೆ ಮಾಡಿದೆ. ಹುಡುಗರು ಬೆಂಚು ಬಡಿದರು. ಬೆಂಚಿನ ಸದ್ದು ನನ್ನ ತಲೆಗೇರಿತು. ಕೆಮ್ಮಿ, ಅವರು ಹೇಳದಿದ್ದ ನಾಲ್ಕು ಮಾತು ಸೇರಿಸಿದೆ.

"ಈ ಹಡಗ ಬೆಸಿಯೋ ಕೈ ನಮ್ಮ ಅಫಜಲಪುರದಾಗ ಅದ. ಬಸ್‌ಸ್ಟ್ಯಾಂಡ್ ಹಿಂದ ಕಿಟಕಿ ಬೆಸಿಯಾಕತ್ತದ. ಮುಂದಿನ ತಿಂಗಳದಾಗ ಆ ಕೈಯನ್ನ ನಾನ ಮುಂಬಯಿಗ ಕಳಸ್ತೇನಿ. ಇದು ನನ್ನ ಮಾತು."

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಚಿತ್ರ ಇಲ್ಲ, ಬರೀ ದನಿ. ಬೆಂಚು ಬಡಿದ ಹುಡುಗರು ಮಜಾ ಕೆಡಬಾರದೆಂದು ಅದನ್ನು ಸಾಹೇಬರದೆಂದೇ ಹಂಚಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಊರಿನ ಎಲ್ಲ ಗುಂಪುಗಳಲ್ಲಿ ಓಡಾಡಿ, ಆಳಂದದಲ್ಲಿರುವ ಮಾಮಾನ ಅಣ್ಣನ ಫೋನಿಗೂ ಹೋಗಿ, ಅಲ್ಲಿಂದ ಅಕ್ಕನ ಫೋನಿಗೆ ಬಂತು. ನಾನು ಮನೆ ಸೇರಿದಾಗ ಅಕ್ಕ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದಳು. ಪಕ್ಕದ ಮನೆಯ ಕಾಕು ಹಾಲು ಹಿಡಿದು ಬಂದಿದ್ದಳು. ನಾಲ್ಕು ತಿಂಗಳಿನಿಂದ ಅಕ್ಕ ಬೀದಿಗೆ ಹೋದರೆ, ಗಂಡ ಇನ್ನೂ ಇಲ್ಲೇ ಇದ್ದಾನೇನು ಎಂದು ಕೇಳುತ್ತಿದ್ದವಳು ಇದೇ ಕಾಕು. ಈಗ ಅವಳೇ ಹೋಳಿಗೆ ಲಟ್ಟಿಸಲು ಕೂತಿದ್ದಳು. ನಾನು ಬಾಯಿ ತೆರೆದೆ. ಅಕ್ಕ ಅದರಲ್ಲಿ ಹೂರಣ ಇಟ್ಟಳು.

ಗ್ರಿಲ್ ಅಂಗಡಿಯ ಮಾಲೀಕ ಒಳ್ಳೆಯ ಮನುಷ್ಯ. ಒಳ್ಳೆಯವನಾದ್ದರಿಂದಲೇ ಹೆಚ್ಚು ಕೆಡಿಸಿದ. ಆಡಿಯೊ ಕೇಳಿದವನೇ, ಮಾಮಾ ಹೊರಟ ಮೇಲೆ ಕೆಲಸ ನಿಲ್ಲಬಾರದೆಂದು ಜೇವರ್ಗಿಯ ಒಬ್ಬ ಬೆಸುಗೆಯವನಿಗೆ ಫೋನು ಮಾಡಿ ಬರಹೇಳಿದ. ಆ ಮನುಷ್ಯ ಹೆಂಡತಿ, ಮಗು, ಹಾಸಿಗೆ ಸುರುಳಿ ಸಮೇತ ಮೂರನೆಯ ದಿನವೇ ಬಂದಿಳಿದ. ಮಾಲೀಕ ಮಾಮಾನಿಗೆ ಅಂಗಿಬಟ್ಟೆ, ಟವೆಲು ಕೊಟ್ಟು ಬೀಳ್ಕೊಡುಗೆಯ ಆಯೇರಿ ಮಾಡಿದ. ಇನ್ನೂ ಏನೂ ಗೊತ್ತಿಲ್ಲ ಎಂದು ಮಾಮಾ ಹೇಳುತ್ತಲೇ ಇದ್ದ. ಮಾಲೀಕ ಅದನ್ನು ವಿನಯ ಎಂದುಕೊಂಡ.

"ಹಡಗ ಕಟ್ಟೋ ಮನಷ್ಯಾನ್ನ ಕಿಟಕಿ ಬೆಸಿ ಅಂತ ಕೂಡಿಸಿದ್ರ ನನಗ ಪಾಪ ಹತ್ತತದ್ರಿ. ನೀವು ಹೋಗ್ರಿ."

ಅವತ್ತು ಸಂಜೆ ಮಾಮಾ ನನ್ನನ್ನು ಮಾಳಿಗೆಯ ಮೇಲೆ ಕರೆದ. ಫೋನು ಕಿವಿಗೆ ಹಿಡಿದು ಆ ಆಡಿಯೊ ಇನ್ನೊಮ್ಮೆ ಕೇಳಿದ, ಎಕ್ಸ್‌ರೇ ಫಿಲ್ಮು ಬೆಳಕಿಗೆ ಹಿಡಿದು ನೋಡುವವರ ಹಾಗೆ ಕಣ್ಣು ಸಣ್ಣ ಮಾಡಿ.

"ಇದು ನಿಂದು. ಸಾಹೇಬ್ರು ಕೆಮ್ಮಿದ ಮ್ಯಾಲ ಉಸಿರ ತಗೋತಾರ. ನೀ ಮೊದಲ ತಗೊಂಡಿ."

ಇಡೀ ಮೂರು ತಾಲೂಕಿನಲ್ಲಿ ಅವನೊಬ್ಬನೇ ಅದನ್ನು ಹಿಡಿದ. ನಾನು ಅವನ ಕಾಲಿಗೆ ಬೀಳುವುದೊಂದು ಬಾಕಿ. ತಮಾಷೆಗೆ ಮಾಡಿದ್ದು, ಎಲ್ಲರಿಗೂ ಹೇಳಿಬಿಡುತ್ತೇನೆ, ಮೊದಲು ಅಕ್ಕನಿಗೆ ಹೇಳುತ್ತೇನೆ ಎಂದೆ. ಮಾಮಾ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಕೆಳಗೆ ಅಂಗಳ ನೋಡಿದ. ಅಕ್ಕ ಯಾರಿಗೋ ಹೋಳಿಗೆ ಕಟ್ಟಿಕೊಡುತ್ತಿದ್ದಳು. ಊರಿನವರಿಗೆ ಹೇಳು, ಅಕ್ಕನಿಗೆ ಮಾತ್ರ ಎರಡು ದಿನ ತಡೆ ಎಂದ.

ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಯಾರ ದನಿಯನ್ನೂ ತೆಗೆಯದೆ ನನ್ನದೇ ದನಿಯಲ್ಲಿ ಒಂದು ಆಡಿಯೊ ಮಾಡಿದೆ. ಮೊನ್ನೆಯ ಮಾತು ಸಾಹೇಬರದಲ್ಲ, ನಾನು ಮಾಡಿದ ನಕಲು, ಯಾರೂ ನಂಬಬೇಡಿ, ತಪ್ಪಾಯಿತು. ಅಕ್ಕ ಇಲ್ಲದ ಎಲ್ಲ ಗುಂಪಿಗೂ ಕಳಿಸಿದೆ. ಐದು ನಿಮಿಷದಲ್ಲಿ ನಗುವ ಮುಖಗಳು ಬರತೊಡಗಿದವು. ಈ ಸಲ ಯಾರ ಆವಾಜು ತೆಗೆದಿದ್ದೀ ಎಂದು ಒಬ್ಬ ಕೇಳಿದ. ಅಳುಬುರುಕನ ಆವಾಜು ಚೆನ್ನಾಗಿದೆ, ಆದರೆ ಯಾರೆಂದು ಗುರುತು ಸಿಗುತ್ತಿಲ್ಲ ಎಂದು ಇನ್ನೊಬ್ಬ ಬರೆದ. ನನ್ನ ಖಾಸಾ ದೋಸ್ತ ಫೋನು ಮಾಡಿ, ಸಾಹೇಬರದು ನೂರಕ್ಕೆ ನೂರು ಇತ್ತು, ಇದು ಬರಾಬರ್ ಆಗಿಲ್ಲ, ಇನ್ನೂ ಪ್ರಾಕ್ಟೀಸ್ ಮಾಡು ಎಂದು ಬುದ್ಧಿ ಹೇಳಿದ. ಸಾಹೇಬರದೂ ನಾನೇ ಮಾಡಿದ್ದಲ್ಲವೇನೋ ಎಂದು ಕೂಗಿದೆ. ಹುಚ್ಚ, ಅದು ಖುದ್ದು ಸಾಹೇಬರು, ನಾನೇ ಎದುರಿಗೆ ಕೂತಿದ್ದೆ ಎಂದ. ಅವನು ಎದುರಿಗೆ ಕೂತಿದ್ದು ನಿಜ. ನಾನು ಮೈಕು ಹಿಡಿದಾಗ ಅವನು ಹೊರಗೆ ಗುಟಕಾ ತಿನ್ನಲು ಹೋಗಿದ್ದೂ ನಿಜ.

ನಮ್ಮ ಮನೆಗೆ ಜನ ಬರತೊಡಗಿದರು. ಮಗನ ಐಟಿಐ ಅಂಕಪಟ್ಟಿಯ ಝರಾಕ್ಸು ತಂದು ಮಾಮಾನ ಕೈಗಿಟ್ಟು, ಹಡಗಿನಲ್ಲಿ ಒಂದು ಜಾಗ ನೋಡಿ ಎಂದರು. ಮಾಮಾ ಒಬ್ಬೊಬ್ಬರಿಗೂ ತನಗೇ ಜಾಗವಿಲ್ಲ ಎಂದು ಹೇಳಿ ದಣಿದ. ಅವರು, ದೊಡ್ಡ ಕೆಲಸದವರು ಹಾಗೇ ಹೇಳುವುದು ಎಂದುಕೊಂಡು ಝರಾಕ್ಸನ್ನು ಕಟ್ಟೆಯ ಮೇಲೆ ಇಟ್ಟು ಕಲ್ಲು ಹೇರಿ ಹೋದರು.

ಕಡೆಗೆ ನಾನು ಸಾಹೇಬರ ಬಳಿಗೇ ಹೋದೆ. ಅವರೊಬ್ಬರು, ನಾನು ಹೀಗೆ ಹೇಳಿಲ್ಲ ಎಂದರೆ ಸಾಕು, ಎಲ್ಲ ಮುಗಿಯುತ್ತದೆ ಎಂಬ ಲೆಕ್ಕ ನನ್ನದು. ಅವರ ಮನೆಯ ಪಡಸಾಲೆಯಲ್ಲಿ ಕುರ್ಚಿಗಳು ತುಂಬಿದ್ದವು. ನನ್ನನ್ನು ನೋಡಿದ ಕೂಡಲೇ, ಹಡಗಿನವರ ಮೈದುನ ಬಂದ ಎಂದು ಯಾರೋ ಚಹಾ ಕೊಟ್ಟರು. ಸಾಹೇಬರು ತಮ್ಮ ಫೋನಿನಲ್ಲಿ ಅದೇ ಆಡಿಯೊ ಹಾಕಿ ಎಲ್ಲರಿಗೂ ಕೇಳಿಸುತ್ತಿದ್ದರು. ನನ್ನ ಕೆಮ್ಮು ಬಂದಾಗ ಅವರೂ ತಲೆ ಆಡಿಸಿದರು. ಎಷ್ಟೋ ಊರುಗಳಲ್ಲಿ ಎಷ್ಟೋ ಮಾತು ಕೊಟ್ಟವರಿಗೆ ಯಾವುದು ಕೊಟ್ಟದ್ದು, ಯಾವುದು ಕೊಡದ್ದು ಎಂದು ನೆನಪಿರುವುದಾದರೂ ಹೇಗೆ? ದನಿ ತಮ್ಮದು, ಊರು ತಮ್ಮದು, ಮಾತೂ ತಮ್ಮಂಥದೇ. ಅವರು ನಂಬಿಬಿಟ್ಟಿದ್ದರು.

ಅದು ನಾನು ಸಾಹೇಬ್ರೇ, ತಮಾಷೆಗೆ ನಿಮ್ಮ ದನಿ ತೆಗೆದಿದ್ದೆ ಎಂದೆ. ಕುರ್ಚಿಗಳು ನನ್ನ ಕಡೆ ತಿರುಗಿದವು. ಸಾಹೇಬರು ಸಿಟ್ಟಾಗಲಿಲ್ಲ. ಹತ್ತಿರ ಕರೆದು ಹೆಗಲ ಮೇಲೆ ಕೈ ಹಾಕಿದರು.

"ನನ್ನ ಆವಾಜ್ ತೆಗಿತಿ ಏನು? ಛಲೋ ಆಯ್ತು. ಎಲ್ಲಿ, ತೆಗಿ ನೋಡೋಣ."

ನಾನು ಕೆಮ್ಮಿದೆ. ಅದು ಬರೀ ಕೆಮ್ಮಾಯಿತು. ಎರಡನೆಯ ಸಲ ಬಾಯಿ ತೆರೆದೆ, ಒಳಗಿನಿಂದ ಬಂದದ್ದು ಬೆಕ್ಕಿನ ದನಿ. ಅವರ ಕೈ ಹೆಗಲ ಮೇಲಿತ್ತು, ಮುಖ ಒಂದು ಗೇಣು ದೂರದಲ್ಲಿತ್ತು. ಮೂರು ಸಾವಿರ ಸಲ ತೆಗೆದ ದನಿ ಗಂಟಲಿನಲ್ಲಿ ಎಲ್ಲೋ ಇಳಿದು ಕೂತುಬಿಟ್ಟಿತು. ಕುರ್ಚಿಗಳೆಲ್ಲ ನಕ್ಕವು. ಸಾಹೇಬರು ನನ್ನ ಬೆನ್ನು ತಟ್ಟಿದರು.

"ಹೆದರಬ್ಯಾಡ. ನಾ ಕೊಟ್ಟ ಮಾತ ನಂದಾ. ನಿಮ್ಮ ಮಾಮಾಗ ಹೇಳು, ದಿಲ್ಲಿತನಕ ಮಾತಾಡ್ತೇನಿ. ಆಯಿತವಾರ ಸತ್ಕಾರ ಇಟ್ಟೇವಿ."

ಹೊರಗೆ ಬಂದು ಚಪ್ಪಲಿ ಹುಡುಕುವಾಗ ದನಿ ವಾಪಸು ಬಂತು. ಅಲ್ಲಿದ್ದ ನಾಯಿಗೆ ಸಾಹೇಬರ ದನಿಯಲ್ಲಿ ಎರಡು ಭರವಸೆ ಕೊಟ್ಟೆ. ಅದು ಬಾಲ ಅಲ್ಲಾಡಿಸಿತು.

ಮಾಮಾ ಅಷ್ಟರಲ್ಲಿ ಮುಂಬಯಿಯ ಗುತ್ತಿಗೆದಾರನಿಗೆ ಫೋನು ಮಾಡಿದ್ದ. ನನ್ನನ್ನು ಪಕ್ಕ ಕೂರಿಸಿಕೊಂಡೇ ಮಾಡಿದ. ಆ ಮನುಷ್ಯ ಮರಾಠಿ ಬೆರೆಸಿದ ಹಿಂದಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೌದು, ಹಡಗುಗಳು ಮಂಜೂರಾಗಲಿವೆ. ಹೌದು, ದೊಡ್ಡ ಮಂತ್ರಿ ಬಂದು ಗುಂಡಿ ಒತ್ತಿ ಮೊದಲ ಉಕ್ಕು ಕತ್ತರಿಸುತ್ತಾರೆ. ಆದರೆ ಅದು ಪೂಜೆಯ ಒಂದು ಹಾಳೆ ಮಾತ್ರ. ಹಡಗಿನ ಹೊಟ್ಟೆಗೆ ಜನ ಬೇಕಾಗಲು ಇನ್ನೂ ವರ್ಷ ಹಿಡಿಯಬಹುದು. ಈ ಸಲ ಯಾರ್ಡಿನಲ್ಲೂ ಹೊಸ ಯಂತ್ರಗಳು ಬರುತ್ತಿವೆ, ಉದ್ದುದ್ದ ಜೋಡುಗಳನ್ನು ಅವೇ ಬೆಸೆಯುತ್ತವೆ. ಜನ ಬೇಕು, ಮೊದಲಿನಷ್ಟು ಬೇಡ. ಕಾರ್ಡು ಜೀವಂತ ಇದ್ದವರನ್ನು ಮೊದಲು ಕರೆಯುತ್ತೇವೆ. ನಿನ್ನದು ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಕೇಳಿದ. ಮಾಮಾ ಜೇಬಿನಿಂದ ತೆಗೆದು ನೋಡಲಿಲ್ಲ. ಬಾಯಿಪಾಠ ಹೇಳಿದ. ನಿನ್ನ ಕೈ ಒಳ್ಳೆಯದಿತ್ತು ಎಂದು ಹೇಳಿ ಗುತ್ತಿಗೆದಾರ ಫೋನಿಟ್ಟ.

"ಇತ್ತು" ಎಂದ ರೀತಿ ನನಗೆ ಇನ್ನೂ ಕಿವಿಯಲ್ಲಿದೆ. ಬೇಕಾದರೆ ಈಗಲೂ ತೆಗೆದು ತೋರಿಸಬಲ್ಲೆ.

ರವಿವಾರ ಸತ್ಕಾರ ನಡೆಯಿತು. ಬೇಡ ಎನ್ನಲು ಮಾಮಾ ಹೋದ. ಅವನ ತಲೆಗೆ ರುಮಾಲು ಸುತ್ತಿ, ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಕುರ್ಚಿಯಲ್ಲಿ ಕೂರಿಸಿದರು. ಬೇಡ ಎಂದು ಹೇಳುವ ಬಾಯಿಗೆ ಅಷ್ಟರಲ್ಲಿ ಯಾರೋ ಪೇಡೆ ಹಾಕಿದ್ದರು. ಸಾಹೇಬರು ಮಾತಾಡಿದರು. ಕೆಮ್ಮಿದರು, ಆಮೇಲೆ ಉಸಿರು ತೆಗೆದುಕೊಂಡರು, ಮಾಮಾ ಹೇಳಿದ ಹಾಗೆಯೇ. ನನ್ನ ನಾಲ್ಕು ಮಾತುಗಳನ್ನು ಒಂದಕ್ಷರ ಬಿಡದೆ ಹೇಳಿದರು. ಅವರು ನನ್ನನ್ನು ನಕಲು ಮಾಡುವುದನ್ನು ನಾನು ಮುಂದಿನ ಸಾಲಿನಲ್ಲಿ ಕೂತು ಕೇಳಿದೆ. ನನಗಿಂತ ಚೆನ್ನಾಗಿ ಮಾಡಿದರು.

ಅಕ್ಕ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಸಮುದ್ರ ನೋಡದವಳು, ರೈಲಿನಲ್ಲಿ ಸೊಲ್ಲಾಪುರ ದಾಟದವಳು. ಜನ ಬಂದು ಅವಳಿಗೆ ಕೈ ಮುಗಿಯುತ್ತಿದ್ದರು. ಅವಳು ಮಾಮಾನ ಕಡೆ ನೋಡುತ್ತಿದ್ದ ರೀತಿ ನೋಡಿ, ಎರಡು ದಿನ ತಡೆ ಎಂದ ಮಾತಿನ ಗಡುವು ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

ಮನೆಗೆ ಬಂದ ಮೇಲೆ ಮಾಮಾ ಶಾಲು ಮಡಚುತ್ತಾ, ನಾಳಿನ ಬಸ್ಸಿಗೆ ಹೊರಡುತ್ತೇನೆ ಎಂದ. ನಾನು ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಎಲ್ಲಿಗೆ ಹೋಗುತ್ತೀ, ಅಲ್ಲಿ ಏನಿದೆ ಎಂದೆ. ಅವನು ಸಾವಕಾಶವಾಗಿ ಹೇಳಿದ. ಇಲ್ಲಿ ಅಂಗಡಿಯ ಕೆಲಸ ಹೋಗಿದೆ, ಜೇವರ್ಗಿಯವನು ಮಗುವನ್ನು ಇಲ್ಲಿನ ಅಂಗನವಾಡಿಗೆ ಹಾಕಿದ್ದಾನೆ, ಅವನನ್ನು ಎಬ್ಬಿಸಲು ಆಗುವುದಿಲ್ಲ. ಕಾರ್ಡಿಗೆ ಇನ್ನೂ ನಾಲ್ಕು ವಾರ ಉಸಿರಿದೆ. ಯಾರ್ಡಿನ ಗೇಟಿನ ಎದುರು ನಿಂತರೆ ಯಾವುದೋ ಹಳೆಯ ಹಡಗಿನ ದುರಸ್ತಿಗೆ, ಯಾರೋ ಒಬ್ಬ ರಜೆ ಹಾಕಿದ ದಿನ, ಒಳಗೆ ಕರೆದರೂ ಕರೆದಾರು. ಇಲ್ಲಿ ಕೂತರೆ ಯಾರೂ ಕರೆಯುವುದಿಲ್ಲ.

"ಮತ್ತ ಇಷ್ಟ ಮಂದಿ ಕಳಿಸಿದ ಮ್ಯಾಲ ಹೋಗಲಿಲ್ಲಂದ್ರ ನಿಮ್ಮಕ್ಕ ನೀರಿಗ ಹ್ಯಾಂಗ ಹೋಗ್ತಾಳ, ಹೇಳು" ಎಂದ.

ನಾನೇ ಅಕ್ಕನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. ಹೇಳಿದರೆ ಅವಳು ನಿನ್ನ ಮುಖ ನೋಡುವುದಿಲ್ಲ, ನನ್ನ ಮುಖ ನೋಡಿ ಮರುಗುತ್ತಾಳೆ, ಎರಡೂ ಬೇಡ ಎಂದ. ಅಷ್ಟು ಹೊತ್ತಿನಲ್ಲಿ ನನಗೆ ಒಂದು ಜೋಕೂ ಹೊಳೆಯಲಿಲ್ಲ. ನಾನು ಕೆಟ್ಟದಾಗಿ ಅತ್ತೆ. ಯಾರ ಹಾಗೂ ಅಲ್ಲ.

ಮಾಮಾ ಸೊಲ್ಲಾಪುರದ ಬಸ್ಸು ಹತ್ತಿದ. ಬಿಡಲು ಹತ್ತಿಪ್ಪತ್ತು ಜನ ಬಂದಿದ್ದರು, ಅವರಲ್ಲಿ ಮೂವರು ತಮ್ಮ ಮಕ್ಕಳ ಅಂಕಪಟ್ಟಿಯನ್ನೂ ತಂದಿದ್ದರು. ಅವನು ಅವನ್ನೆಲ್ಲ ಇಸಿದುಕೊಂಡು ಚೀಲಕ್ಕೆ ಹಾಕಿದ. ಇನ್ನು ಇಲ್ಲ ಎನ್ನುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಒಂದು ವಾರ, ಎರಡು ವಾರ ನಾನು ಫೋನು ಮಾಡಿದಾಗಲೆಲ್ಲ, ಗೇಟಿನ ಎದುರು ಇದ್ದೇನೆ, ನೋಡೋಣ ಎನ್ನುತ್ತಿದ್ದ. ನಾಲ್ಕನೆಯ ವಾರದ ಆ ತಾರೀಖಿನ ದಿನ ನಾನು ಮಾಡಲಿಲ್ಲ. ಧೈರ್ಯ ಬರಲಿಲ್ಲ. ಮರುದಿನ ಅವನೇ ಅಕ್ಕನಿಗೆ ಮಾಡಿ, ಒಳಗೆ ತೆಗೆದುಕೊಂಡರು, ಕೆಲಸ ಶುರುವಾಯಿತು ಎಂದ. ಅಕ್ಕ ಕುಣಿಯುವುದೊಂದು ಬಾಕಿ. ನಾನೂ ಒಂದು ಗಳಿಗೆ ನಂಬಿದೆ. ನಂಬಲು ಬಹಳ ಆಸೆ ಇತ್ತು.

ಕೆಲವು ತಿಂಗಳ ಮೇಲೆ ಟಿವಿಯಲ್ಲಿ ಆ ಸಮಾರಂಭ ಬಂತು. ಮಂತ್ರಿ ಗುಂಡಿ ಒತ್ತಿದರು, ನೀಲಿ ಕಿಡಿ ಹಾರಿತು, ಉಕ್ಕಿನ ಹಾಳೆ ಸೀಳಿತು. ಅಕ್ಕ ಸದ್ದು ಪೂರ್ತಿ ಹೆಚ್ಚಿಸಿದಳು, ತಡೆಯುವವರು ಯಾರೂ ಇರಲಿಲ್ಲ. ಓಣಿಯವರನ್ನೆಲ್ಲ ಕರೆದು, ಹಳದಿ ಹೆಲ್ಮೆಟ್ಟಿನ ಸಾಲಿನಲ್ಲಿ ಹಿಂದೆ ನಿಂತ ಒಬ್ಬನ ಮೇಲೆ ಬೆರಳಿಟ್ಟು, ಇವರೇ ಎಂದಳು. ಮುಖ ಕಾಣುತ್ತಿರಲಿಲ್ಲ. ಯಾರಾದರೂ ಆಗಬಹುದಿತ್ತು. ಎಲ್ಲರೂ ಹೌದು ಎಂದರು. ನಾನೂ ಎಂದೆ.

ಈಗ ಮಾಮಾ ದಿನಾ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನು ಮಾಡುತ್ತಾನೆ. ಹಿಂದೆ ಯಾರ್ಡಿನಲ್ಲಿದ್ದ ಅಷ್ಟೂ ವರ್ಷ ಅವನ ಫೋನು ಬೆಳಿಗ್ಗೆಯಿಂದ ಸಂಜೆಯವರೆಗೆ ಬಂದ್ ಇರುತ್ತಿತ್ತು. ಯುದ್ಧನೌಕೆಯ ಹತ್ತಿರ ಫೋನು ಬಿಡುವುದಿಲ್ಲ, ಗೇಟಿನಲ್ಲೇ ಇಟ್ಟು ಹೋಗಬೇಕು. ಅಕ್ಕನಿಗೆ ಇದು ನೆನಪಿಲ್ಲವೋ, ನೆನಪು ಮಾಡಿಕೊಳ್ಳಲು ಮನಸ್ಸಿಲ್ಲವೋ ನನಗೆ ತಿಳಿಯದು. ಯಾರ್ಡಿನ ಹೊಸ ಸಾಹೇಬರು ಒಳ್ಳೆಯವರಂತೆ, ಮನೆಗೆ ಮಾತಾಡಲು ಬಿಡುತ್ತಾರಂತೆ ಎಂದು ಕಾಕುವಿಗೆ ಹೇಳುತ್ತಾಳೆ. ಅವನ ಹಿಂದೆ ಹಡಗಿನ ಹೊಟ್ಟೆಯ ಗುಂಯ್‌ಗುಡುವ ಸದ್ದು ಇರುವುದಿಲ್ಲ. ಕುಕ್ಕರಿನ ಸೀಟಿ, ತರಕಾರಿ ಮಾರುವವನ ಕೂಗು, ಸಣ್ಣ ಗ್ರೈಂಡರು ಸರಳು ಕೊಯ್ಯುವ ಚರ್‌ ಸದ್ದು ಇರುತ್ತದೆ. ಯಾರದೋ ಬಾಲ್ಕನಿಗೆ ಗ್ರಿಲ್ ಕೂರಿಸುತ್ತಿರಬೇಕು.

ದನಿ ಮಾತ್ರ ಹಳೆಯದೇ, ಹಡಗಿನ ಕೆಲಸವಿದ್ದಾಗಿನ ದನಿ. ಅದೇ ದರ್ಪ, ಅದೇ ಅವಸರ, ಫೋರ್‌ಮನ್ನನಿಗೆ ಅದೇ ಬೈಗುಳ. ಒಂದೂ ಗುಳ್ಳೆಯಿಲ್ಲದಂತೆ ಬೆಸೆದಿರುತ್ತಾನೆ.

ನಿನ್ನೆ ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತಳು. ಹೇಗಿದ್ದೀ ಮಾಮಾ ಎಂದೆ. ಆ ಕಡೆ ಗ್ರೈಂಡರು ಕೇಳಿಸುತ್ತಿತ್ತು. ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿದೆ.

"ಭಾಳ ದೊಡ್ಡ ಹಡಗ ಅದ ತಮ್ಮಾ" ಎಂದ, ಅಕ್ಕನಿಗೂ ಕೇಳಲೆಂದು ಜೋರಾಗಿ. "ಮುಗ್ಯಾಕ ಭಾಳ ದಿನ ಹಿಡಿತದ."

ಅಕ್ಕ ನನ್ನ ತೋಳು ಹಿಡಿದು, ಏನಂತಾರ, ಛಲೋ ಅದಾರಲ್ಲ ಎಂದು ಪಿಸುಗುಟ್ಟಿದಳು.

ಛಲೋ ಅದಾರ ಎಂದೆ.